ತರಬೇತಿ ಕೋರ್ಸಿಗೆ ಹೋಗಲೋ, ಸಹೋದ್ಯೋಗಿಯನ್ನು ನನ್ನ ಕ್ಲಾಸಿಗೆ ಕರೆಯಲೋ?

ಸರಾಸರಿ:
ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಕೆಲಸಕ್ಕೆ ಸೇರಿ ಬಹಳ ಕಾಲ ಆಗಿಲ್ಲ. ಸಂಶೋಧನೆ ಹೇಗೆ ಮಾಡಬೇಕು ಅಂತ ಪಿಎಚ್‌ಡಿಯಲ್ಲಿ ವರ್ಷಗಟ್ಟಲೆ ತಿದ್ದಿದರು. ಪಾಠ ಹೇಗೆ ಮಾಡಬೇಕು ಅಂತ ಯಾರೂ ತುಟಿ ಬಿಚ್ಚಲಿಲ್ಲ. ಟೈಮ್‌ಟೇಬಲ್ ಕೈಗಿಟ್ಟು ಕ್ಲಾಸಿಗೆ ಕಳಿಸಿದರು, ಅಷ್ಟೇ. ನಿಮ್ಮದೂ ಇದೇ ಕಥೆ ಅಲ್ವಾ?

ಈಗ ಕಲಿಯೋಣ ಅಂದರೆ ಎದುರಿಗೆ ಎರಡು ದಾರಿ ಇವೆ. ಒಂದು, ಬೋಧನಾ ಕೌಶಲದ ಸರ್ಟಿಫಿಕೇಟ್ ಕೋರ್ಸ್. ರಜೆಯಲ್ಲಿ ಎರಡು ವಾರ, ಬೆಳಿಗ್ಗೆಯಿಂದ ಸಂಜೆವರೆಗೆ. ಪ್ರಮೋಷನ್‌ಗೆ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ನಾವು ನಾಲ್ಕೈದು ಜನ ಸೇರಿ ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು ನೋಡುವುದು, ಆಮೇಲೆ ಮಾತಾಡುವುದು. ಸೆಮಿಸ್ಟರ್ ಪೂರ್ತಿ ನಡೆಯಬೇಕು. ಇದಕ್ಕೆ ಸರ್ಟಿಫಿಕೇಟ್ ಇಲ್ಲ, ಮಾಡಿದಿರಾ ಅಂತ ಯಾರೂ ಕೇಳುವುದೂ ಇಲ್ಲ. ಎರಡಕ್ಕೂ ನನಗೆ ಪುರುಸೊತ್ತಿಲ್ಲ.

ನನ್ನ ತೊಂದರೆ ಇದು. ಕ್ಲಾಸಿನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಪಿ-ವ್ಯಾಲ್ಯೂ (ಪ್ರಯೋಗದ ಫಲಿತಾಂಶವನ್ನು ತೂಗಿ ನೋಡಲು ಬಳಸುವ ಒಂದು ಸಂಖ್ಯೆ) ಎಂದರೇನು ಅಂತ ಪರೀಕ್ಷೆಯಲ್ಲಿ ಕೇಳಿದರೆ ನೋಟ್ಸಿನಲ್ಲಿದ್ದ ಹಾಗೇ ಬರೆಯುತ್ತಾರೆ. ಅದೇ ಒಂದು ಪ್ರಯೋಗದ ಫಲಿತಾಂಶ ಕೊಟ್ಟು, ಇದರಿಂದ ಏನು ಹೇಳಬಹುದು ಅಂದರೆ ಬಹಳಷ್ಟು ಉತ್ತರ ಉಲ್ಟಾ. ಎರಡರಲ್ಲಿ ಯಾವುದು ಇದಕ್ಕೆ ಮದ್ದಾದೀತು?

ಹಳೇನೋಟ್ಸು:
ನನ್ನ ಕೇಳಿದರೆ ಎರಡೂ ಬೇಡ. ಸಬ್ಜೆಕ್ಟು ಚೆನ್ನಾಗಿ ಓದಿಕೊಳ್ಳಿ. ಪಾಠ ತಾನಾಗಿ ಬರುತ್ತದೆ. ನಾನು ಭೌತಶಾಸ್ತ್ರ ಹೇಳುತ್ತಾ ತಲೆ ನರೆತವನು. ಇಂಥ ಕೋರ್ಸುಗಳನ್ನೂ ಕಂಡಿದ್ದೇನೆ. ಬರೀ ಲೆಕ್ಚರ್ ಹೊಡೆದರೆ ಯಾರೂ ಕಲಿಯುವುದಿಲ್ಲ ಅಂತ ಇಡೀ ದಿನ ಲೆಕ್ಚರ್ ಹೊಡೆಯುತ್ತಾರೆ. ಮಧ್ಯಾಹ್ನದ ಮೇಲೆ ಒಂದು ಪ್ರಶ್ನಾವಳಿ ಹಂಚುತ್ತಾರೆ. ನೀವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಮಾಡಿ ಕಲಿಯುವವರೋ ಅಂತ. ಮೂರು ಥರದ ಮಕ್ಕಳಿಗೆ ಮೂರು ಥರ ಪಾಠ ಮಾಡಬೇಕಂತೆ! ಹಾಜರಿ ಹಾಕಿ ಮನೆಗೆ ಬರಬಹುದು, ಅಷ್ಟೇ ಲಾಭ.

ಲ್ಯಾಬ್‌ಕೋಟು:
ಪ್ರಶ್ನಾವಳಿ ವಿಷಯದಲ್ಲಿ ಸರ್ ಹೇಳಿದ್ದು ಸರಿ. ಅವರವರ 'ಕಲಿಕೆಯ ಶೈಲಿ'ಗೆ ತಕ್ಕ ಹಾಗೆ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತಾರೆ ಅನ್ನುವುದಕ್ಕೆ ಆಧಾರ ಸಾಲದು ಅಂತ 2008ರಲ್ಲೇ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ ಬರೆದಿದ್ದಾರೆ. ಆಮೇಲೂ ಅದನ್ನೇ ಹೇಳಿಕೊಡುವ ಕೋರ್ಸ್ ಆದರೆ ಹೋಗಬೇಡಿ. ಕೋರ್ಸನ್ನು ಅಳೆಯುವುದಕ್ಕೆ ನಾನು ಮೊದಲು ನೋಡುವುದೇ ಅದನ್ನು.

ಆದರೆ ಸಬ್ಜೆಕ್ಟು ಗೊತ್ತಿದ್ದರೆ ಸಾಕು ಅನ್ನುವುದನ್ನು ಒಪ್ಪಲಾರೆ ಸರ್. ನಿಮ್ಮದೇ ಭೌತಶಾಸ್ತ್ರದ ಎರಿಕ್ ಮಜುರ್ ಇದ್ದಾರಲ್ಲ, ಹಾರ್ವರ್ಡ್‌ನವರು. ವಿಷಯದಲ್ಲಿ ಅವರಿಗೆ ಏನು ಕೊರತೆ? ವಿದ್ಯಾರ್ಥಿಗಳ ಫೀಡ್‌ಬ್ಯಾಕೂ ಚೆನ್ನಾಗಿತ್ತು. 1990ರ ಸುಮಾರಿಗೆ ಅವರು ತಮ್ಮ ಕ್ಲಾಸಿಗೆ ಬಲ ಮತ್ತು ಚಲನೆಯ ಬಗ್ಗೆ ಒಂದು ಸರಳ ಪರೀಕ್ಷೆ ಕೊಟ್ಟರು. ಲೆಕ್ಕವೇ ಇಲ್ಲ, ಬರೀ ಮಾತಿನ ಪ್ರಶ್ನೆಗಳು. ಒಬ್ಬಳು ವಿದ್ಯಾರ್ಥಿನಿ ಎದ್ದು, ಇದಕ್ಕೆ ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೆಯಬೇಕೋ, ನಾನು ಮಾಮೂಲಾಗಿ ಯೋಚಿಸುವ ಹಾಗೆ ಬರೆಯಬೇಕೋ ಅಂತ ಕೇಳಿದಳಂತೆ. ಉದ್ದುದ್ದ ಲೆಕ್ಕ ಬಿಡಿಸುವ ಮಕ್ಕಳು ಆ ಸರಳ ಪ್ರಶ್ನೆಗಳಲ್ಲಿ ಎಡವಿದರು. ಸರಾಸರಿಯವರು ಪಿ-ವ್ಯಾಲ್ಯೂ ಬಗ್ಗೆ ಹೇಳುತ್ತಿರುವುದೂ ಇದೇ ರೋಗ.

ಹಳೇನೋಟ್ಸು:
ಮಜುರ್ ಕಥೆ ಗೊತ್ತು. ಆದರೆ ಅವರು ಯಾವ ಕೋರ್ಸಿಗೂ ಹೋಗಿ ಅದನ್ನು ಕಲಿತದ್ದಲ್ಲ. ತಮ್ಮ ಕ್ಲಾಸನ್ನೇ ಅಳೆದು ನೋಡಿದರು. ನನ್ನ ಮಾತಿಗೇ ಪುಷ್ಟಿ ಸಿಕ್ಕಿತಲ್ಲ!

ಲ್ಯಾಬ್‌ಕೋಟು:
ಅರ್ಧ ಒಪ್ಪಿದೆ ಸರ್. ಇನ್ನರ್ಧಕ್ಕೆ ನನ್ನ ವಿಷಯದ್ದೇ ಒಂದು ಅಧ್ಯಯನ ಇದೆ. 2011ರಲ್ಲಿ ಡಯಾನ್ ಎಬರ್ಟ್-ಮೇ ತಂಡದವರು ಬೋಧನಾ ಕಾರ್ಯಾಗಾರಕ್ಕೆ ಹೋಗಿ ಬಂದ ಜೀವಶಾಸ್ತ್ರ ಅಧ್ಯಾಪಕರನ್ನು ಹಿಂಬಾಲಿಸಿದರು. ಪಾಠದ ರೀತಿ ಬದಲಾಯಿಸಿದಿರಾ ಅಂತ ಕೇಳಿದಾಗ ನೂರಕ್ಕೆ 89 ಜನ ಹೌದು ಅಂದರು. ಅವರ ಕ್ಲಾಸಿನ ವಿಡಿಯೋ ನೋಡಿದರೆ ನೂರಕ್ಕೆ 75 ಜನ ಮೊದಲಿನ ಹಾಗೇ ನಿಂತು ಲೆಕ್ಚರ್ ಮಾಡುತ್ತಿದ್ದರು. ಸುಳ್ಳು ಹೇಳಿದರು ಅಂತಲ್ಲ. ನಡುವೆ ಎರಡು ಪ್ರಶ್ನೆ ಕೇಳಿದರೆ ನಮಗೆ ಕ್ಲಾಸೇ ಬದಲಾದ ಹಾಗೆ ಅನ್ನಿಸುತ್ತದೆ. ನಾವು ಏನು ಮಾಡುತ್ತಿದ್ದೇವೆ ಅನ್ನುವುದು ಕ್ಲಾಸಿನ ಮುಂದೆ ನಿಂತವರಿಗೆ ಕಾಣುವುದಿಲ್ಲ. ಹಿಂದೆ ಕೂತವರಿಗೆ ಕಾಣುತ್ತದೆ. ಅದಕ್ಕೇ ನನ್ನ ವೋಟು ಸರಾಸರಿಯವರ ಎರಡನೇ ದಾರಿಗೆ.

ಕೊನೆಬೆಂಚು:
ಹಿಂದೆ ಕೂತು ನೋಡುವುದೇ ನನ್ನ ಕೆಲಸ. ಅಧ್ಯಾಪಕರಿಗೆ ಬೋಧನೆಯಲ್ಲಿ ನೆರವಾಗುವ ವಿಭಾಗದಲ್ಲಿದ್ದೇನೆ. ಬೇರೆ ಬೇರೆ ಡಿಪಾರ್ಟ್‌ಮೆಂಟಿನವರು ಕರೆದರೆ ಹೋಗುತ್ತೇನೆ. ಏನು ಮಾಡುತ್ತೇನೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ 'ಕೂತು ನೋಡುವುದು' ಅಂದ ಕೂಡಲೇ ಜನ ಮಾರ್ಕ್ಸ್ ಹಾಕಲು ಬಂದವರು ಅಂದುಕೊಳ್ಳುತ್ತಾರೆ.

ಹಿಂದಿನ ದಿನ ಕಾಲು ಗಂಟೆ ಭೇಟಿ. ನಾಳೆ ಯಾವ ಪಾಠ, ನಾನು ಏನನ್ನು ಗಮನಿಸಬೇಕು ಅಂತ ಅವರೇ ಹೇಳಬೇಕು. 'ಎಲ್ಲಾ ನೋಡಿ' ಅಂದರೆ ಏನೂ ನೋಡಿದ ಹಾಗಾಗುವುದಿಲ್ಲ. ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಗೆರೆ ಎಳೆದ ಒಂದು ಹಾಳೆ. ಎರಡೆರಡು ನಿಮಿಷಕ್ಕೆ ಒಂದು ಸಾಲು. ಆ ಎರಡು ನಿಮಿಷದಲ್ಲಿ ಅಧ್ಯಾಪಕರು ಏನು ಮಾಡಿದರು, ವಿದ್ಯಾರ್ಥಿಗಳು ಏನು ಮಾಡಿದರು, ಅಷ್ಟೇ ಗುರುತು ಹಾಕುವುದು. ಒಳ್ಳೆಯದು ಕೆಟ್ಟದ್ದು ಅಂತ ಬರೆಯುವುದಿಲ್ಲ. ಇದು ನನ್ನ ಸ್ವಂತ ಉಪಾಯವಲ್ಲ. 2013ರಲ್ಲಿ ಪ್ರಕಟವಾದ ಕೋಪಸ್ ಅನ್ನುವ ಪದ್ಧತಿ. ಅದನ್ನು ರೂಪಿಸಿದವರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಕೂಡ ಒಬ್ಬರು. ಹಳೇನೋಟ್ಸು ಸರ್ ಅವರಿಗಾಗಿ ಈ ಮಾತು ಸೇರಿಸಿದೆ :)

ಕ್ಲಾಸ್ ಮುಗಿದ ಮೇಲೆ ಹಾಳೆಯನ್ನು ಅವರ ಮುಂದಿಟ್ಟು ಸುಮ್ನೆ ಕೂರುತ್ತೇನೆ. ಮೊದಲ ಮಾತು ಅವರದೇ ಆಗಬೇಕು. ಬಹಳ ಜನರ ಕಣ್ಣು ಒಂದೇ ಕಡೆ ನಿಲ್ಲುತ್ತದೆ: ಪ್ರಶ್ನೆ ಕೇಳಿದ್ದೂ ಅವರೇ, ಉತ್ತರ ಹೇಳಿದ್ದೂ ಅವರೇ, ಎರಡೂ ಒಂದೇ ಉಸಿರಿನಲ್ಲಿ. 'ಅರ್ಥ ಆಯ್ತಾ? ಆಯ್ತಲ್ವಾ, ಸರಿ ಮುಂದೆ ಹೋಗೋಣ.' ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲೇ ಇದನ್ನು ಅಳೆದಿದ್ದರು. ಪ್ರಶ್ನೆ ಕೇಳಿ ಮೇಷ್ಟ್ರು ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಬಾಯಿಬಿಡದವರೂ ಮಾತಾಡಿದರು. ಅವರು ನೋಡಿದ್ದು ಶಾಲೆಯ ಕ್ಲಾಸುಗಳನ್ನು. ಆದರೆ ವಿಶ್ವವಿದ್ಯಾಲಯದ ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡಿ, ನಾವೇನೂ ಅವರಿಗಿಂತ ತಾಳ್ಮೆಯವರಲ್ಲ.

ಅರೆಕಾಲಿಕ:
ಓದುವುದಕ್ಕೆ ಎಲ್ಲಾ ಚೆನ್ನಾಗಿದೆ. ನನ್ನಂಥವರ ಕಥೆ ಕೇಳಿ. ನಾನು ಗುತ್ತಿಗೆ ಮೇಲೆ ಇರುವವನು. ಕ್ಲಾಸ್ ತೆಗೆದುಕೊಂಡ ಗಂಟೆಗೆ ಮಾತ್ರ ದುಡ್ಡು. ಇನ್ನೊಬ್ಬರ ಕ್ಲಾಸಿನಲ್ಲಿ ಕೂರುವುದಕ್ಕೆ ಯಾರು ಕೊಡುತ್ತಾರೆ? ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಅನ್ನುವುದು ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಅಂಕದ ಮೇಲೆ ನಿಂತಿದೆ. ಗುಂಪು ಚರ್ಚೆ ಮಾಡಿಸಿ ನೋಡಿದೆ. 'ಇವರು ಪಾಠವೇ ಮಾಡುವುದಿಲ್ಲ, ಎಲ್ಲಾ ನಮ್ಮ ಕೈಯಲ್ಲೇ ಮಾಡಿಸುತ್ತಾರೆ' ಅಂತ ಬರೆದರು. ಹಾಗಾದರೆ ಲೆಕ್ಚರೇ ಕ್ಷೇಮ ಅಲ್ವಾ?

ಲ್ಯಾಬ್‌ಕೋಟು:
ಅರೆಕಾಲಿಕ ಅವರೇ, ನಿಮ್ಮ ವಿದ್ಯಾರ್ಥಿಗಳು ಬರೆದದ್ದನ್ನು ಹಾರ್ವರ್ಡ್‌ನಲ್ಲಿ ಅಳೆದೇ ನೋಡಿದ್ದಾರೆ. 2019ರಲ್ಲಿ ಲೂಯಿ ದೆಲೋರಿಯೇ ತಂಡ ಭೌತಶಾಸ್ತ್ರದ ಒಂದೇ ಪಾಠವನ್ನು ಎರಡು ರೀತಿ ಮಾಡಿಸಿತು. ಒಂದು ಕಡೆ ಸೊಗಸಾದ ಲೆಕ್ಚರ್. ಇನ್ನೊಂದು ಕಡೆ ವಿದ್ಯಾರ್ಥಿಗಳೇ ಗುಂಪಿನಲ್ಲಿ ಲೆಕ್ಕ ಬಿಡಿಸುವುದು. ಲೆಕ್ಚರ್ ಕೇಳಿದವರಿಗೆ ತಾವು ಜಾಸ್ತಿ ಕಲಿತೆವು ಅನ್ನಿಸಿತು. ಪರೀಕ್ಷೆ ಕೊಟ್ಟಾಗ ಜಾಸ್ತಿ ಅಂಕ ಬಂದದ್ದು ಗುಂಪಿನಲ್ಲಿ ತಿಣುಕಾಡಿದವರಿಗೆ. ತಲೆಗೆ ಕೆಲಸ ಬಿದ್ದಾಗ ಕಷ್ಟ ಆಗುತ್ತದೆ. ಕಷ್ಟ ಆದದ್ದನ್ನು ಅವರು 'ಕಲಿಯಲಿಲ್ಲ' ಅಂತ ಲೆಕ್ಕ ಹಾಕುತ್ತಾರೆ.

ಇದನ್ನು ಸೆಮಿಸ್ಟರಿನ ಮೊದಲ ವಾರವೇ ವಿದ್ಯಾರ್ಥಿಗಳಿಗೆ ಹೇಳಿಬಿಡಬೇಕು. ಯಾಕೆ ಹೀಗೆ ಮಾಡಿಸುತ್ತೇನೆ, ಆರಂಭದಲ್ಲಿ ಯಾಕೆ ಇರುಸುಮುರುಸು ಆಗುತ್ತದೆ ಅಂತ. ಹೇಳದೆ ಶುರು ಮಾಡಿದರೆ, ಮೇಷ್ಟ್ರು ತಯಾರಿ ಇಲ್ಲದೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ.

ಇನ್ನು ಲೆಕ್ಚರ್ ಕ್ಷೇಮ ಅನ್ನುವುದು. ನಮಗೆ ಕ್ಷೇಮ ಇರಬಹುದು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಬರೀ ಲೆಕ್ಚರ್ ಇದ್ದ ಕ್ಲಾಸಿನಲ್ಲಿ ಫೇಲಾಗುವ ಸಂಭವ ಒಂದೂವರೆ ಪಟ್ಟು.

ಕೊನೆಬೆಂಚು:
ಫೀಡ್‌ಬ್ಯಾಕ್ ಬಗ್ಗೆ ಒಂದು ಮಾತು. ಸೆಮಿಸ್ಟರ್ ಮುಗಿದ ಮೇಲೆ ಬರುವ ಅಂಕದಿಂದ ಆ ಬ್ಯಾಚಿಗೆ ಚಿಕ್ಕಾಸಿನ ಪ್ರಯೋಜನ ಇಲ್ಲ. ಅರ್ಧದಲ್ಲೇ ಕೇಳಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಢಿಗೆ ಬಂದ ಒಂದು ಕ್ರಮ ಇದೆ. ಅಧ್ಯಾಪಕರು ಹೊರಗೆ ಹೋಗುತ್ತಾರೆ. ಬೇರೆ ಒಬ್ಬರು ಬಂದು ವಿದ್ಯಾರ್ಥಿಗಳನ್ನು ಚಿಕ್ಕ ಗುಂಪು ಮಾಡಿ ಕೂರಿಸಿ ಕೇಳುತ್ತಾರೆ: ಈ ಕ್ಲಾಸಿನಲ್ಲಿ ನಿಮಗೆ ಕಲಿಯಲು ಸಹಾಯ ಆಗುತ್ತಿರುವುದು ಏನು, ಅಡ್ಡಿ ಆಗುತ್ತಿರುವುದು ಏನು, ಅದನ್ನು ಸರಿಮಾಡುವುದು ಹೇಗೆ? ಗುಂಪಿನಲ್ಲಿ ಒಮ್ಮತ ಆದದ್ದನ್ನು ಮಾತ್ರ ಬರೆದುಕೊಳ್ಳುತ್ತಾರೆ. ಹಾಗಾಗಿ ಒಬ್ಬಿಬ್ಬರ ಸಿಟ್ಟು ಇಡೀ ಕ್ಲಾಸಿನ ಮಾತಾಗುವುದಿಲ್ಲ. ಅರ್ಧ ಗಂಟೆ ಸಾಕು. ಬೇರೆ ಯಾರೂ ಸಿಗದಿದ್ದರೆ ನೀವೇ ಕ್ಲಾಸಿನ ಕೊನೆಗೆ ಚೀಟಿ ಹಂಚಿ: ಇವತ್ತು ಗೊತ್ತಾದ ಮುಖ್ಯ ವಿಷಯ ಯಾವುದು, ಇನ್ನೂ ಗೊಂದಲ ಇರುವುದು ಎಲ್ಲಿ. ಹೆಸರು ಬರೆಯುವುದು ಬೇಡ. ಮುಂದಿನ ಕ್ಲಾಸನ್ನು ಆ ಗೊಂದಲದಿಂದಲೇ ಶುರು ಮಾಡಿ. ನಾವು ಹೇಳಿದ್ದನ್ನು ಇವರು ಓದುತ್ತಾರೆ ಅಂತ ಗೊತ್ತಾದರೆ ಬರೆಯುವ ಧಾಟಿಯೇ ಬದಲಾಗುತ್ತದೆ.

ದುಡ್ಡಿನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ಸಂಸ್ಥೆಗಳು ಅದನ್ನು ಕೆಲಸದ ಗಂಟೆಯಲ್ಲಿ ಸೇರಿಸಬೇಕು. ಸೇರಿಸದೆ, ಗುತ್ತಿಗೆಯವರಿಗೆ ನೀವೂ ಬನ್ನಿ ಅನ್ನುವುದು ಅನ್ಯಾಯ.

ಮಾರ್ಜಿನ್‌ಬರಹ:
ಇಷ್ಟು ಹೊತ್ತು ಓದಿದೆ. ಎಲ್ಲಾ ಭೌತಶಾಸ್ತ್ರ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ! ನಾನು ಇತಿಹಾಸ ಹೇಳುವವಳು. ಮೂರು ಆಯ್ಕೆ ಕೊಟ್ಟು ಕೈ ಎತ್ತಿಸಿದರೆ ನನ್ನ ಕೆಲಸ ಆಗುವುದಿಲ್ಲ.

ನನಗೆ ಉಪಯೋಗಕ್ಕೆ ಬಂದದ್ದು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಂದು ವಿಧಾನ. ಡೇವಿಡ್ ಪೇಸ್ ಅನ್ನುವ ಇತಿಹಾಸಕಾರ ಮತ್ತು ಜೋನ್ ಮಿಡೆನ್‌ಡಾರ್ಫ್ ಸೇರಿ ಕಟ್ಟಿದ್ದು. ವಿದ್ಯಾರ್ಥಿಗಳು ವರ್ಷ ವರ್ಷವೂ ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಹಿಡಿದುಕೊಳ್ಳಿ. ಬೇರೆ ವಿಷಯದ ಒಬ್ಬರನ್ನು ಎದುರು ಕೂರಿಸಿಕೊಳ್ಳಿ. ಅದನ್ನು ನೀವು ಹೇಗೆ ಮಾಡುತ್ತೀರಿ ಅಂತ ಅವರು ನಿಮ್ಮನ್ನು ಕೇಳುತ್ತಾ ಹೋಗಬೇಕು.

ನನ್ನನ್ನು ಕೇಳಿದ್ದು ಒಬ್ಬ ಎಂಜಿನಿಯರಿಂಗ್ ಅಧ್ಯಾಪಕರು. 'ಹಳೇ ಪತ್ರ ಒಂದು ಕೈಗೆ ಬಂತು. ಮೊದಲು ಏನು ಮಾಡುತ್ತೀರಿ?' 'ಓದುತ್ತೇನೆ' ಅಂದೆ. 'ಮೊದಲನೇ ಸಾಲಿನಿಂದಲೇ?' ಅಂದರು. ಆಗ ಹೊಳೆಯಿತು. ಇಲ್ಲ, ನಾನು ಮೊದಲನೇ ಸಾಲಿನಿಂದ ಓದುವುದೇ ಇಲ್ಲ. ಮೊದಲು ತಾರೀಖು ನೋಡುತ್ತೇನೆ. ಯಾರು ಯಾರಿಗೆ ಬರೆದದ್ದು ಅಂತ ನೋಡುತ್ತೇನೆ. ಬರೆದವನಿಗೆ ಇದರಿಂದ ಏನು ಆಗಬೇಕಿತ್ತು ಅಂತ ಯೋಚಿಸಿ, ಆಮೇಲೆ ಪತ್ರಕ್ಕೆ ಬರುತ್ತೇನೆ. ಇದನ್ನು ಕ್ಲಾಸಿನಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. 'ವಿಮರ್ಶಾತ್ಮಕವಾಗಿ ಓದಿ' ಅನ್ನುತ್ತಿದ್ದೆ. ಅದು ಯಾವ ಮಗುವಿಗೆ ಅರ್ಥ ಆಗಬೇಕು? ಈಗ ಒಂದೇ ಘಟನೆಯ ಬಗ್ಗೆ ಇಬ್ಬರು ಬರೆದ ಎರಡು ಕಾಗದ ಕೊಡುತ್ತೇನೆ. ಒಳಗಿನ ಮಾತು ಮುಚ್ಚಿಟ್ಟು, ಬರೀ ತಾರೀಖು ಮತ್ತು ಹೆಸರು ನೋಡಿ ಇಬ್ಬರೂ ಏನು ಹೇಳಿರಬಹುದು ಊಹಿಸಿ ಅನ್ನುತ್ತೇನೆ. ಆಮೇಲೆ ತೆರೆಯುವುದು. ಕ್ಲಾಸಿನಲ್ಲಿ ನಡೆಯುವ ಜಗಳ ನೋಡಬೇಕು ನೀವು.

ಸರಾಸರಿ:
ಎಲ್ಲರಿಗೂ ಥ್ಯಾಂಕ್ಸ್. ಸುಮ್ಮನಿರಲಾಗದೆ ಒಂದು ಪ್ರಯೋಗ ಮಾಡಿದೆ. ಮಜುರ್ ಅವರ ಕ್ರಮದಲ್ಲೇ: ಪ್ರಶ್ನೆ ತೋರಿಸುವುದು, ಯಾರೂ ಮಾತಾಡದೆ ಒಬ್ಬೊಬ್ಬರೇ ಉತ್ತರ ಆರಿಸುವುದು, ಪಕ್ಕದವರ ಜೊತೆ ವಾದ, ಮತ್ತೆ ಆರಿಸುವುದು. ಪ್ರಶ್ನೆ ಹೀಗಿತ್ತು.

ಒಂದು ಹೊಸ ಔಷಧಿಯ ಪರೀಕ್ಷೆಯಲ್ಲಿ ಪಿ-ವ್ಯಾಲ್ಯೂ 0.03 ಬಂದಿದೆ. ಅಂದರೆ,
ಅ) ಔಷಧಿಗೆ ಪರಿಣಾಮ ಇಲ್ಲದಿರುವ ಸಂಭವ ನೂರಕ್ಕೆ 3.
ಆ) ಔಷಧಿಗೆ ಪರಿಣಾಮ ಇರುವ ಸಂಭವ ನೂರಕ್ಕೆ 97.
ಇ) ಔಷಧಿಗೆ ಪರಿಣಾಮವೇ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣಿಸುವ ಸಂಭವ ನೂರಕ್ಕೆ 3.

ಮೊದಲ ಸುತ್ತಿನಲ್ಲಿ ಬಹಳ ಜನ ಅ ಮತ್ತು ಆ ಹಿಡಿದರು. ನೋಟ್ಸಿನಲ್ಲಿ ಇ ಇದೆ, ಅವರೇ ಬರೆದುಕೊಂಡಿದ್ದಾರೆ! ಮಾತಾಡಿಕೊಳ್ಳಿ ಅಂದ ಮೇಲೆ ಕ್ಲಾಸ್ ಸಂತೆಯಾಯಿತು. ಎರಡನೇ ಸುತ್ತಿನಲ್ಲಿ ಇ ಕಡೆ ತುಂಬಾ ಜನ ಬಂದರು. ಒಬ್ಬ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ: 'ಔಷಧಿ ಕೆಲಸ ಮಾಡಲ್ಲ ಅಂತ ಮೊದಲೇ ಒಪ್ಕೊಂಡು ಹಾಕಿರೋ ಲೆಕ್ಕ ಇದು. ಒಪ್ಕೊಂಡಿದ್ದೇ ನಿಜಾನಾ ಅಂತ ಅದೇ ಲೆಕ್ಕ ಹೇಗೆ ಹೇಳುತ್ತೆ?' ಇಷ್ಟು ಚೆನ್ನಾಗಿ ನಾನು ಹೇಳಿಲ್ಲ.

ಆದರೆ ಒಂದು ಪ್ರಶ್ನೆಗೇ ಕ್ಲಾಸಿನ ಅರ್ಧ ಹೊತ್ತು ಹೋಯಿತು. ಸಿಲೆಬಸ್ ಮುಗಿಸುವುದು ಹೇಗೆ?

ಹಳೇನೋಟ್ಸು:
ಆ ಹುಡುಗನ ಮಾತು ಇಷ್ಟ ಆಯಿತು. ಸಿಲೆಬಸ್ ಬಗ್ಗೆ ಚಿಂತೆ ಬೇಡ. ಪುಸ್ತಕದಲ್ಲಿ ಇರುವುದನ್ನೇ ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟರೆ ಬೇಕಾದಷ್ಟು ಹೊತ್ತು ಉಳಿಯುತ್ತದೆ. ಓದಿಕೊಂಡು ಬರಲಿ. ಬರುವುದಿಲ್ಲ ಅನ್ನುತ್ತೀರಾ? ಕ್ಲಾಸ್ ಶುರುವಿಗೆ ಎರಡು ಸಣ್ಣ ಪ್ರಶ್ನೆ ಕೊಟ್ಟು ಅದಕ್ಕೆ ಒಂದೆರಡು ಅಂಕ ಇಡಿ, ಬರುತ್ತಾರೆ. (ಹಾಗಂತ ಕೋರ್ಸಿಗೆ ಹೋಗಿ ಅಂತ ನಾನು ಇನ್ನೂ ಹೇಳಿಲ್ಲ.)

ಲ್ಯಾಬ್‌ಕೋಟು:
ಪ್ರಶ್ನೆ ಬಗ್ಗೆ ಒಂದೆರಡು ತಕರಾರು. ಅ ಮತ್ತು ಆ ಎರಡೂ ಹೇಳುವುದು ಒಂದೇ ಮಾತು. ಒಂದು ಸರಿಯಾದರೆ ಇನ್ನೊಂದೂ ಸರಿಯಾಗಬೇಕು. ಪರೀಕ್ಷೆ ಬರೆದು ಪಳಗಿದವನು ಪಿ-ವ್ಯಾಲ್ಯೂ ಗಂಧಗಾಳಿ ಇಲ್ಲದೆ ಎರಡನ್ನೂ ಹೊಡೆದುಹಾಕಿ ಇ ಬರೆಯುತ್ತಾನೆ. ಎರಡನೇ ಆಯ್ಕೆಯ ಜಾಗಕ್ಕೆ 'ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೆ ನೂರಕ್ಕೆ 97 ಸಲ ಇದೇ ಫಲಿತಾಂಶ ಬರುತ್ತದೆ' ಅಂತ ಹಾಕಿ. ಅದೂ ಜನ ನಿಜವಾಗಿ ಮಾಡುವ ತಪ್ಪೇ. ಇನ್ನೊಂದು, ಸರಿ ಉತ್ತರವೇ ಎಲ್ಲಕ್ಕಿಂತ ಉದ್ದ ಇದೆ. ಮಕ್ಕಳು ಅದನ್ನು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ. ಉಳಿದವನ್ನೂ ಸ್ವಲ್ಪ ಎಳೆಯಿರಿ.

ಸಮಯಕ್ಕೆ ಮಜುರ್ ಕಡೆಯವರ ಒಂದು ಅಳತೆ ಇದೆ. ಮೊದಲ ಸುತ್ತಿನಲ್ಲಿ ಸರಿ ಉತ್ತರ ಸುಮಾರು ನೂರಕ್ಕೆ 30ರಿಂದ 70 ಇದ್ದರೆ ಮಾತ್ರ ಚರ್ಚೆ. ಅದಕ್ಕಿಂತ ಕಡಿಮೆ ಇದ್ದರೆ ಚರ್ಚೆಗೆ ಬಿಡಬೇಡಿ, ಗೊತ್ತಿಲ್ಲದವರೇ ಗೊತ್ತಿಲ್ಲದವರನ್ನು ಒಪ್ಪಿಸಿಬಿಡುತ್ತಾರೆ. ಮತ್ತೆ ಪಾಠ ಮಾಡಿ. ಜಾಸ್ತಿ ಇದ್ದರೆ ಎರಡು ಮಾತು ಹೇಳಿ ಮುಂದೆ ಹೋಗಿ.

ಕೊನೆಬೆಂಚು:
ಕೋರ್ಸಿನ ಪರವಾಗಿಯೂ ಒಬ್ಬರಾದರೂ ಮಾತಾಡಬೇಕಲ್ಲ. ಗ್ರಹಾಂ ಗಿಬ್ಸ್ ಮತ್ತು ಮಾರ್ಟಿನ್ ಕಾಫಿ 2004ರಲ್ಲಿ 8 ದೇಶಗಳ 22 ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನು ನೋಡಿದ ಅಧ್ಯಯನ ಪ್ರಕಟಿಸಿದರು. ತರಬೇತಿ ಪಡೆದವರ ಪಾಠವೂ ಸುಧಾರಿಸಿತು, ಅವರ ವಿದ್ಯಾರ್ಥಿಗಳು ಕಲಿಯುವ ರೀತಿಯೂ ಸುಧಾರಿಸಿತು. ತರಬೇತಿ ಇಲ್ಲದ ಹೊಸಬರು ಇದ್ದಲ್ಲೇ ಇದ್ದರು, ಕೆಲವು ವಿಷಯದಲ್ಲಿ ಹಿಂದೆಯೂ ಸರಿದರು. ಆದರೆ ಅಲ್ಲಿನ ತರಬೇತಿ ತಿಂಗಳುಗಟ್ಟಲೆ ನಡೆದದ್ದು. ಪಾಠ ಮಾಡುತ್ತಲೇ ಕಲಿತದ್ದು. ನಾರ್ವೆಯಲ್ಲಿ 2019ರಿಂದ ಅಧ್ಯಾಪಕರಿಗೆ ಕನಿಷ್ಠ 200 ಗಂಟೆಯ ಬೋಧನಾ ತರಬೇತಿ ಬೇಕು. ಅಷ್ಟು ಗಂಟೆ ಯಾರೂ ಒಂದೇ ರಜೆಯಲ್ಲಿ ಮುಗಿಸುವುದಿಲ್ಲ.

ಸರಾಸರಿಯವರ ಕೋರ್ಸ್ ಬರುವುದು ರಜೆಯಲ್ಲಿ. ಆಗ ಕ್ಲಾಸೇ ಇರುವುದಿಲ್ಲ. ಕಲಿತದ್ದನ್ನು ಮರುದಿನ ಮಾಡಿ ನೋಡಲು ಆಗುವುದಿಲ್ಲ. ನನಗೆ ಅದೇ ದೊಡ್ಡ ಕೊರತೆ ಅನ್ನಿಸುತ್ತದೆ. ಪ್ರಮೋಷನ್ ತುರ್ತು ಇದ್ದರೆ ಹೋಗಿ, ಪಾಠ ಸುಧಾರಿಸಬೇಕು ಅಂತಿದ್ದರೆ ಸಹೋದ್ಯೋಗಿಯನ್ನು ಕರೆಯಿರಿ.

ಸರಾಸರಿ:
ಪ್ರಮೋಷನ್ ಇನ್ನೂ ದೂರ ಇದೆ. ಈ ಸೆಮಿಸ್ಟರಿಗೆ ಎರಡನೇ ದಾರಿ ಅಂತ ತೀರ್ಮಾನ ಮಾಡಿದೆ. ಕೋರ್ಸ್ ಮುಂದಿನ ವರ್ಷ ನೋಡೋಣ. ಕೊನೇ ಪ್ರಶ್ನೆ: ಯಾರನ್ನು ಕರೆಯಲಿ? ನಮ್ಮ ಡಿಪಾರ್ಟ್‌ಮೆಂಟಿನ ಹಿರಿಯರೊಬ್ಬರು ಬರುತ್ತೇನೆ ಅಂದಿದ್ದಾರೆ. ಆದರೆ ನಾಳೆ ನನ್ನ ಪ್ರಮೋಷನ್ ಕಮಿಟಿಯಲ್ಲಿ ಕೂರುವವರೂ ಅವರೇ.

ಅರೆಕಾಲಿಕ:
ಅವರನ್ನು ಬಿಟ್ಟು ಬೇರೆ ಯಾರನ್ನಾದರೂ ಕರೆಯಿರಿ. ಕಮಿಟಿಯವರು ಹಿಂದೆ ಕೂತಿದ್ದರೆ ನೀವು ಆ ದಿನ ಚೆನ್ನಾಗಿ ಬರುವ ಪಾಠವನ್ನೇ ಮಾಡುತ್ತೀರಿ. ಮತ್ತೆ ಕಲಿಯುವುದೇನು?

ಮಾರ್ಜಿನ್‌ಬರಹ:
ಮೊದಲ ಸಲ ಬೇರೆ ವಿಷಯದವರನ್ನು ಕರೆಯಿರಿ. ಅವರಿಗೆ ನಿಮ್ಮ ಪಾಠ ಗೊತ್ತಿರುವುದಿಲ್ಲ. ಎಲ್ಲಿ ಕೈಬಿಟ್ಟಿರಿ ಅನ್ನುವುದು ವಿದ್ಯಾರ್ಥಿಗಳ ಹಾಗೇ ಅವರಿಗೂ ತಕ್ಷಣ ಗೊತ್ತಾಗುತ್ತದೆ. ಪ್ರಶ್ನೆಗಳನ್ನು ತಿದ್ದಿಸಿಕೊಳ್ಳಲು ಮಾತ್ರ ನಿಮ್ಮ ವಿಷಯದವರೇ ಬೇಕು. ಅದಕ್ಕೆ ಅವರು ಕ್ಲಾಸಿಗೆ ಬರಬೇಕಾಗಿಲ್ಲ.

ಕೊನೆಬೆಂಚು:
ಒಪ್ಪಿದೆ. ಇನ್ನೊಂದು ಕರಾರು ಮೊದಲೇ ಮಾಡಿಕೊಳ್ಳಿ: ಹಾಳೆ ನಿಮ್ಮದು. ನೋಡಿದವರು ಪ್ರತಿ ಇಟ್ಟುಕೊಳ್ಳಬಾರದು, ಹೆಚ್‌ಓಡಿ ಕೇಳಿದರೂ ಕೊಡಬಾರದು.

ಹಳೇನೋಟ್ಸು:
ಆ ಹಾಳೆಯ ಮಾದರಿ ಇಲ್ಲಿ ಹಾಕಬಹುದೇ? ಸುಮ್ನೆ ಕುತೂಹಲಕ್ಕೆ ಕೇಳಿದೆ.

ಕೊನೆಬೆಂಚು:
ಹಾಕುತ್ತೇನೆ ಸರ್. ಎಡಗಡೆ ಸಮಯ, ಎರಡೆರಡು ನಿಮಿಷಕ್ಕೆ ಒಂದು ಸಾಲು. ಮಧ್ಯದ ಅಂಕಣ ಅಧ್ಯಾಪಕರದು: ಹೇಳುತ್ತಿದ್ದಾರೆ, ಬರೆಯುತ್ತಿದ್ದಾರೆ, ಪ್ರಶ್ನೆ ಕೇಳಿದರು, ಕಾಯುತ್ತಿದ್ದಾರೆ, ಬೆಂಚುಗಳ ನಡುವೆ ಓಡಾಡುತ್ತಿದ್ದಾರೆ. ಬಲಗಡೆ ವಿದ್ಯಾರ್ಥಿಗಳದು: ಕೇಳುತ್ತಿದ್ದಾರೆ, ಒಬ್ಬರೇ ಯೋಚಿಸುತ್ತಿದ್ದಾರೆ, ಗುಂಪಿನಲ್ಲಿ ಮಾತು, ಉತ್ತರ ಹೇಳಿದರು, ತಾವೇ ಪ್ರಶ್ನೆ ಕೇಳಿದರು. ಮೂಲದಲ್ಲಿ ಇಪ್ಪತ್ತೈದು ಸಂಕೇತ ಇವೆ, ಮೊದಲ ಸಲಕ್ಕೆ ಇಷ್ಟು ಸಾಕು. ಕೆಳಗೆ ಬೆಂಚುಗಳ ಚಿತ್ರ ಬಿಡಿಸಿ, ಬಾಯಿಬಿಟ್ಟವರ ಜಾಗಕ್ಕೆ ಒಂದು ಚುಕ್ಕಿ ಇಡಿ. ಚುಕ್ಕಿ ಎಲ್ಲಾ ಮುಂದಿನ ಎರಡು ಸಾಲಿನಲ್ಲೇ ಬಿದ್ದರೆ ಆಶ್ಚರ್ಯ ಪಡಬೇಡಿ.